ಕೇಳುವವರ ಅಂಕೆಯಲ್ಲಿ ಧ್ವನಿ

ದಾವಣಗೆರೆ ಹರಿಹರಗಳ ಮನೆಗಳಲ್ಲಿ ಅಟ್ಟದ ಮೇಲೋ ಗೋಡೆಯ ಗೂಡಿನಲ್ಲೋ ಬಹುಕಾಲ ಧೂಳು ಹಿಡಿದು ಕುಳಿತಿದ್ದ ಕ್ಯಾಸೆಟ್ಟುಗಳು, ಕಂಪನಿ ನಾಟಕಗಳ ರಂಗಗೀತೆಗಳು, ಮಠಗಳ ಪ್ರವಚನಗಳು, ವಚನಗಾಯನ, ಮದುವೆಯ ಮನೆಯಲ್ಲಿ ಹಿರಿಯ ಮುತ್ತೈದೆಯರು ಹಾಡಿದ ಸೋಬಾನೆ ಪದಗಳು, ತಾಂಡಾಗಳಲ್ಲಿ ಹೋಳಿಯ ಹುಣ್ಣಿಮೆಗೆ ಕೇಳಿಬಂದ ಲಂಬಾಣಿ ಗೀತೆಗಳು, ಇವೆಲ್ಲವೂ ಈಚೆಗೆ ಒಂದೊಂದಾಗಿ ಗಣಕದ ಕಡತಗಳಾಗಿ ರೂಪಾಂತರ ಹೊಂದುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ರೂಪಾಂತರ ಹೊಂದಿದ ಮಾತ್ರಕ್ಕೆ ಅವು ಉಳಿದುಕೊಂಡುವೆಂದು ಭಾವಿಸಲಾಗದು. ಯಾರಾದರೊಬ್ಬರು ಕುಳಿತು ಕೇಳಿ, ತಿಳಿಯದ ಸಾಲನ್ನು ಮರಳಿ ಕೇಳಿ, ಓಡುವ ತಾನವನ್ನು ನಿಧಾನಗೊಳಿಸಿ ಕೇಳಿ, ಪದಗಳನ್ನು ಕಾಗದಕ್ಕಿಳಿಸಿ, ಮುಂದಿನವರ ಕಂಠಕ್ಕೆ ದಾಟಿಸಿದಾಗಲೇ ಅವು ಉಳಿಯುವುವು. ಹಾಗೆ ಕೇಳಬೇಕಾದಲ್ಲಿ ಧ್ವನಿಯು ಕೇಳುವವರ ಅಂಕೆಯಲ್ಲಿರತಕ್ಕದ್ದು. ತ್ರಿಕೋಣದ ಗುಂಡಿಯೊಂದನ್ನು ಒತ್ತಿ ಕಡತವನ್ನು ಮೊದಲಿನಿಂದ ಕಡೆಯವರೆಗೆ ಹರಿಯಬಿಡುವುದಷ್ಟನ್ನೇ ಬಲ್ಲವರಿಗೆ ಆ ಅಂಕೆ ದೊರೆಯದು. ಅದನ್ನು ಲಿನಕ್ಸ್ ಗಣಕದಲ್ಲಿ ಹೇಗೆ ಸಾಧಿಸಬಹುದೆಂಬುದನ್ನು ಇಲ್ಲಿ ಸಾವಕಾಶವಾಗಿ ನಿರೂಪಿಸಬೇಕೆಂದಿದ್ದೇನೆ.

ಈ ವಿಷಯವನ್ನು ದಾವಣಗೆರೆಯ ಓದುಗರಿಗೆ ಹೇಳುವುದರಲ್ಲಿ ಔಚಿತ್ಯವುಂಟು. ಕೆ.ಬಿ.ಆರ್. ಡ್ರಾಮಾ ಕಂಪನಿಯೂ, 1988ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದ ಚಿಂದೋಡಿ ಲೀಲಾ ಅವರೂ ಬೆಳೆಯಿಸಿದ ರಂಗಸಂಗೀತದ ಅಭಿರುಚಿ ಈ ಊರಿನ ಹಳೆಯ ತಲೆಮಾರಿನಲ್ಲಿ ಇನ್ನೂ ಆರಿಲ್ಲ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪವು ಈ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿಯೇ ಇರುವುದರಿಂದ ಲಂಬಾಣಿ ಹಾಡುಗಳ ಸಂಗ್ರಹಕ್ಕೆ ಇಲ್ಲಿ ದೊಡ್ಡ ಕ್ಷೇತ್ರವಿದೆ. 1951ರಲ್ಲಿ ಆರಂಭವಾದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಮೊದಲ್ಗೊಂಡು ಅನೇಕ ವಿದ್ಯಾಸಂಸ್ಥೆಗಳಿರುವ ಈ ನಗರದಲ್ಲಿ ಧ್ವನಿಮುದ್ರಿತ ಪಾಠಗಳನ್ನು ಕೇಳುವ ವಿದ್ಯಾರ್ಥಿಗಳ ಸಂಖ್ಯೆಯೂ ಅಲ್ಪವಲ್ಲ. ಇದಕ್ಕೆ ಮತ್ತೊಂದು ಕಾರಣವೂ ಈಗ ಒದಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದುಹೋದ ತರುವಾಯ, ಹೊಸ ವಿಂಡೋಸನ್ನು ಹೊರಲಾರದ ಹಳೆಯ ಗಣಕಗಳನ್ನು ಗುಜರಿಗೆ ಹಾಕುವ ಬದಲು ಅವುಗಳಲ್ಲಿ ಲಿನಕ್ಸ್ ಮಿಂಟ್, ಉಬುಂಟು, ಡೆಬಿಯನ್ ಇವುಗಳಲ್ಲೊಂದನ್ನು ನೆಲೆಗೊಳಿಸುವುದು ವಿವೇಕದ ಮಾರ್ಗವಾಗಿದೆ. ಹತ್ತು ವರ್ಷ ಹಳೆಯದಾದ ಯಂತ್ರಕ್ಕೂ ಧ್ವನಿಯನ್ನು ನುಡಿಸುವ ಕೆಲಸ ಭಾರವೆನಿಸದು.

ಒಂದು ಸೂಚನೆಯನ್ನು ಮೊದಲೇ ಹೇಳಿಬಿಡುತ್ತೇನೆ. ಆಜ್ಞೆಗಳ ಹೆಸರುಗಳನ್ನು ಈ ಲೇಖನದಲ್ಲಿ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದೆ. ಗಣಕಕ್ಕೆ ಆಜ್ಞೆಗಳನ್ನು ಬರೆದುಕೊಡುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ಅವನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ, ಅಡ್ಡಗೆರೆಗಳನ್ನು ಬಿಡದೆ, ಬರೆಯತಕ್ಕದ್ದು.

ಲಿನಕ್ಸಿನಲ್ಲಿ ಧ್ವನಿಯು ಕಡತದಿಂದ ಹೊರಟು ಕಿವಿಯನ್ನು ಸೇರುವ ಮಾರ್ಗವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡವರಿಗೆ ಮಿಕ್ಕದ್ದೆಲ್ಲ ಸುಲಭ. ಆ ಮಾರ್ಗವನ್ನು ನಮ್ಮ ಸೀಮೆಯವರಿಗೆ ವಿವರಿಸಲು ಭದ್ರಾ ನಾಲೆಗಿಂತ ಉತ್ತಮವಾದ ದೃಷ್ಟಾಂತ ಬೇರೆಯಿಲ್ಲ. ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನೀರು ತುಂಬಿ ತುಳುಕುತ್ತಿದ್ದರೂ, ನಡುವೆ ಯಾವುದೋ ಒಂದು ತೂಬಿನ ಬಾಗಿಲು ಅರ್ಧ ಇಳಿದಿದ್ದರೆ, ಮಲೇಬೆನ್ನೂರಿನಿಂದಾಚೆಯ ಕೊನೆಯ ಭಾಗದ ಗದ್ದೆಗೆ ನೀರು ಮುಟ್ಟದು. ಗದ್ದೆಯ ಒಡೆಯನು ತನ್ನ ಹೊಲದ ಮಡೆಯನ್ನು ಎಷ್ಟು ಅಗಲ ಮಾಡಿದರೂ ಫಲವಿಲ್ಲ. ಧ್ವನಿಯ ವಿಷಯವೂ ಇಂತೆಯೇ. ಕಡತವನ್ನು ತೆರೆದು ಓದುವ ಪ್ಲೇಯರ್ ಮೊದಲ ತೂಬು. ಹಲವು ತಂತ್ರಾಂಶಗಳಿಂದ ಬಂದ ಧ್ವನಿಗಳನ್ನು ಕೂಡಿಸಿ ಎಲ್ಲಿಗೆ ಕಳುಹಬೇಕೆಂಬುದನ್ನು ನಿರ್ಣಯಿಸುವ ಪೈಪ್‌ವೈರ್ ಎಂಬ ಧ್ವನಿಸೇವಕ ಎರಡನೆಯದು. ಲಿನಕ್ಸಿನ ತಿರುಳಿನೊಳಗೇ ಇದ್ದು ಧ್ವನಿಯ ಕಾರ್ಡಿನೊಡನೆ ನೇರವಾಗಿ ವ್ಯವಹರಿಸುವ ಆಲ್ಸಾ ಮೂರನೆಯದು. ಸ್ಪೀಕರಿನ ಮೇಲಿನ ತಿರುಗುಗುಂಡಿ ನಾಲ್ಕನೆಯದು. ಪ್ರತಿಯೊಂದಕ್ಕೂ ತನ್ನದೇ ಆದ ಏರಿಳಿತದ ಅಳತೆಯುಂಟು, ತನ್ನದೇ ಆದ ಮೌನದ ಗುಂಡಿಯುಂಟು.

ಇಷ್ಟು ಪದರಗಳು ಒಮ್ಮೆಗೇ ಬಂದುವಲ್ಲ. ಲಿನುಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಪ್ರಕಟಿಸಿದ ಆರಂಭದ ದಿನಗಳಲ್ಲಿ ಓಎಸ್‌ಎಸ್ ಎಂಬ ವ್ಯವಸ್ಥೆ ಇತ್ತು. ಸಾಮಾನ್ಯ ಧ್ವನಿಕಾರ್ಡುಗಳಲ್ಲಿ ಒಂದು ತಂತ್ರಾಂಶ ನುಡಿಯುತ್ತಿರುವಾಗ ಮತ್ತೊಂದು ಬಾಯಿ ಕಟ್ಟಿಕೊಂಡಿರಬೇಕಾಗಿತ್ತು. ಯಾರೊಸ್ಲಾವ್ ಕಿಸೆಲಾ ಎಂಬುವರು 1998ರಲ್ಲಿ ತೊಡಗಿದ ಆಲ್ಸಾ ಯೋಜನೆ 2003ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ 2.6ರ ಅಂಗವಾಯಿತು. ಲೆನಾರ್ಟ್ ಪೊಯೆಟ್ಟರಿಂಗ್ ರಚಿಸಿದ ಪಲ್ಸ್‌ಆಡಿಯೋ 2007ರ ಫೆಡೋರಾ 8ರಿಂದ ಮೊದಲ್ಗೊಂಡು ಮನೆಗಣಕಗಳಲ್ಲಿ ನೆಲೆಸಿತು. ವಿಮ್ ಟೇಮನ್ಸ್ ಅವರ ಪೈಪ್‌ವೈರ್ ಅದರ ಸ್ಥಾನವನ್ನು 2021ರ ಫೆಡೋರಾ 34ರಲ್ಲಿ ಮೊದಲು ಆಕ್ರಮಿಸಿ, ಅನಂತರ ಉಬುಂಟು 22.10ಕ್ಕೂ 2024ರ ಲಿನಕ್ಸ್ ಮಿಂಟ್ 22ಕ್ಕೂ ಹಬ್ಬಿತು. ಪಲ್ಸ್‌ಆಡಿಯೋಗಾಗಿ ಬರೆದ ಉಪಕರಣಗಳು ಪೈಪ್‌ವೈರಿನಲ್ಲಿಯೂ ನಡೆಯುವುದರಿಂದ ಹಳೆಯ ಅಭ್ಯಾಸವುಳ್ಳವರು ಚಿಂತಿಸಬೇಕಾದುದಿಲ್ಲ.

ಧ್ವನಿ ಕೇಳದೆ ಹೋದಾಗ ತೂಬುಗಳನ್ನು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಪರೀಕ್ಷಿಸುವುದೇ ಸರಿಯಾದ ವಿಧಾನ. ಪ್ಲೇಯರಿನಲ್ಲಿ ಕಾಲಸೂಚಕ ಚಲಿಸುತ್ತಿದೆಯೆ, ಅದರ ಸ್ವಂತ ಅಳತೆ ಸೊನ್ನೆಯಲ್ಲಿಲ್ಲವಷ್ಟೆ ಎಂಬುದನ್ನು ಮೊದಲು ನೋಡಬೇಕು. ತರುವಾಯ ಪಿಎವಿಯುಕಂಟ್ರೋಲ್ ಎಂಬ ಸಣ್ಣ ತಂತ್ರಾಂಶವನ್ನು ತೆರೆಯಬೇಕು. ಇದು ಅನೇಕ ಗಣಕಗಳಲ್ಲಿ ಮೊದಲೇ ಇರದು, ತಂತ್ರಾಂಶಗಳ ಭಂಡಾರದಿಂದ ಸ್ಥಾಪಿಸಿಕೊಳ್ಳಬೇಕು, ಆದರೆ ಲಿನಕ್ಸಿನಲ್ಲಿ ಧ್ವನಿಯನ್ನು ಆಳಬಯಸುವವರು ಮೊತ್ತಮೊದಲು ಪಡೆಯಬೇಕಾದ ಸಾಧನವೇ ಇದೆಂದು ನನ್ನ ದೃಢವಾದ ಅಭಿಪ್ರಾಯ. ಅದರ 'ಪ್ಲೇಬ್ಯಾಕ್' ಎಂಬ ಪುಟದಲ್ಲಿ ಆ ಕ್ಷಣದಲ್ಲಿ ನುಡಿಯುತ್ತಿರುವ ಪ್ರತಿಯೊಂದು ತಂತ್ರಾಂಶಕ್ಕೂ ಪ್ರತ್ಯೇಕವಾದ ಅಳತೆಪಟ್ಟಿ ಕಾಣುತ್ತದೆ, ಅದರ ಕೆಳಗೆ ಧ್ವನಿಯ ಏರಿಳಿತಕ್ಕೆ ತಕ್ಕಂತೆ ಅಲುಗುವ ರೇಖೆಯೊಂದು ಕಾಣುತ್ತದೆ. ರೇಖೆ ಅಲುಗುತ್ತಿದ್ದು ಕಿವಿಗೆ ಏನೂ ಕೇಳಿಸದಿದ್ದರೆ ದೋಷವು ಪ್ಲೇಯರಿನಲ್ಲಿಲ್ಲ, ಅದಕ್ಕಿಂತ ಕೆಳಗಿದೆ ಎಂಬುದು ಆಗಲೇ ನಿರ್ಣಯವಾಗುತ್ತದೆ.

ಹೀಗೆ ಕೆಳಗಿರುವ ದೋಷಗಳಲ್ಲಿ ಅತ್ಯಂತ ಸಾಮಾನ್ಯವಾದುದು ಧ್ವನಿಯು ತಪ್ಪುದಾರಿ ಹಿಡಿಯುವುದು. ಪರದೆಯನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿದಾಗ, ಗಣಕವು ಆ ಪರದೆಗೂ ಕಂಠವಿದೆಯೆಂದು ಭ್ರಮಿಸಿ ಧ್ವನಿಯೆಲ್ಲವನ್ನೂ ಅತ್ತ ಹರಿಸಿಬಿಡುವುದುಂಟು. ಪರದೆಯಲ್ಲಿ ಸ್ಪೀಕರೇ ಇಲ್ಲದಿದ್ದರೆ ಆ ಧ್ವನಿ ಅಲ್ಲಿಯೇ ಇಂಗಿಹೋಗುತ್ತದೆ. 'ಪ್ಲೇಬ್ಯಾಕ್' ಪುಟದಲ್ಲಿ ತಂತ್ರಾಂಶದ ಹೆಸರಿನ ಬಲಗಡೆಯಿರುವ ಗುಂಡಿಯಿಂದ ಅದನ್ನು 'ಅನಲಾಗ್' ಎಂಬ ದಾರಿಗೆ ತಿರುಗಿಸಬಹುದು. ಎಲ್ಲ ತಂತ್ರಾಂಶಗಳಿಗೂ ಶಾಶ್ವತವಾಗಿ ತಿರುಗಿಸಬೇಕಾದರೆ 'ಔಟ್‌ಪುಟ್ ಡಿವೈಸಸ್' ಪುಟದಲ್ಲಿ ಬೇಕಾದ ಸಾಧನದ ಎದುರಿಗಿರುವ ಹಸುರು ಗುರುತನ್ನು ಒತ್ತಬೇಕು. ಇದೇ ಗುಣವನ್ನು ಉಪಯೋಗಕ್ಕೂ ತಂದುಕೊಳ್ಳಬಹುದು: ಹಾಡಿನ ಪಾಠವನ್ನು ಹೆಡ್‌ಫೋನಿಗೂ, ತಂಬೂರಿಯ ಶ್ರುತಿಯನ್ನು ಸ್ಪೀಕರಿಗೂ ಬೇರೆ ಬೇರೆಯಾಗಿ ಕಳುಹಿಸಿ ಅಭ್ಯಾಸ ಮಾಡುವವರಿಗೆ, ಯುಎಸ್‌ಬಿ ಇಲ್ಲವೆ ಬ್ಲೂಟೂತ್ ಹೆಡ್‌ಫೋನ್ ಇದ್ದ ಪಕ್ಷದಲ್ಲಿ, ಇದರಿಂದ ಬಹಳ ಅನುಕೂಲ.

ಅಲ್ಲಿಯೂ ದೋಷ ಸಿಕ್ಕದಿದ್ದರೆ ಟರ್ಮಿನಲ್ಲಿನಲ್ಲಿ 'ಆಲ್ಸಾಮಿಕ್ಸರ್' ಎಂಬ ಆಜ್ಞೆಯನ್ನು ಕೊಟ್ಟು ಮೂರನೆಯ ತೂಬಿಗೆ ಇಳಿಯಬೇಕು. ಎಫ್6 ಕೀಲಿಯಿಂದ ಧ್ವನಿಯ ಕಾರ್ಡನ್ನು ಆರಿಸಿಕೊಂಡರೆ 'ಮಾಸ್ಟರ್', 'ಹೆಡ್‌ಫೋನ್', 'ಸ್ಪೀಕರ್' ಮೊದಲಾದ ಕಂಬಗಳು ಕಾಣುತ್ತವೆ; ಕಂಬದ ಬುಡದಲ್ಲಿ ಎಂ ಅಕ್ಷರವನ್ನು ಎರಡು ಬಾರಿ ಬರೆದಿದ್ದರೆ ಆ ದಾರಿ ಮುಚ್ಚಿದೆಯೆಂದೂ, ಎರಡು ಸೊನ್ನೆಗಳಿದ್ದರೆ ತೆರೆದಿದೆಯೆಂದೂ ತಿಳಿಯಬೇಕು. ಎಂ ಕೀಲಿಯನ್ನೇ ಒತ್ತಿದರೆ ಮುಚ್ಚಿದ್ದು ತೆರೆಯುತ್ತದೆ. ಎಲ್ಲವೂ ಸರಿಯಿದ್ದೂ ಧ್ವನಿಸೇವಕವೇ ಸ್ತಬ್ಧವಾಗಿದ್ದರೆ 'ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್ ಪೈಪ್‌ವೈರ್ ಪೈಪ್‌ವೈರ್-ಪಲ್ಸ್ ವೈರ್‌ಪ್ಲಂಬರ್' ಎಂಬ ಆಜ್ಞೆ ಅದನ್ನು ಎಚ್ಚರಿಸುತ್ತದೆ. ಇದಕ್ಕಾಗಿ ಇಡೀ ಗಣಕವನ್ನು ಆರಿಸಿ ಹೊತ್ತಿಸುವ ಅಗತ್ಯವಿಲ್ಲ.

ಇನ್ನು ಪ್ಲೇಯರಿನ ವಿಚಾರಕ್ಕೆ ಬರೋಣ. ಮನೆಯ ಎಲ್ಲರೂ ಬಳಸುವ ಗಣಕಕ್ಕೆ ವಿಎಲ್‌ಸಿ ಯೋಗ್ಯವಾದುದು. ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ವಿದ್ಯಾರ್ಥಿಗಳ ಕೈಯಲ್ಲಿ 1996ರಲ್ಲಿ ಹುಟ್ಟಿ, 2001ರಲ್ಲಿ ಮುಕ್ತ ಪರವಾನಗಿಗೆ ಬಂದ ಈ ತಂತ್ರಾಂಶವು ಯಾವ ಬಗೆಯ ಕಡತವನ್ನು ಕೊಟ್ಟರೂ ಪ್ರಾಯಶಃ ನಿರಾಕರಿಸದು. ಆದರೆ ಅಭ್ಯಾಸಕ್ಕಾಗಿ ಕೇಳುವವರಿಗೆ ನಾನು ಹೇಳುವ ಹೆಸರು ಎಂಪಿವಿ. ಇದರ ಮುಖದಲ್ಲಿ ಗುಂಡಿಗಳ ಆಡಂಬರವಿಲ್ಲ, ಎಲ್ಲವೂ ಕೀಲಿಮಣೆಯಲ್ಲಿದೆ. ಒಂದು ಸಂಜೆ ಕುಳಿತು ಕೀಲಿಗಳನ್ನು ಬೆರಳಿಗೆ ಕಲಿಸಿದವರು ಮತ್ತೆ ಮೌಸಿನ ಕಡೆಗೆ ಕೈಚಾಚಲಾರರು. ಟರ್ಮಿನಲ್ಲಿನಲ್ಲಿ 'ಎಂಪಿವಿ' ಎಂದು ಬರೆದು ಕಡತದ ಹೆಸರನ್ನು ಕೊಟ್ಟರೆ ಹಾಡು ಆರಂಭವಾಗುತ್ತದೆ. ಉದ್ದನೆಯ ಸ್ಪೇಸ್ ಕೀಲಿಯಿಂದ ನಿಲ್ಲುವುದು, ಮತ್ತೆ ಸಾಗುವುದು. ಎಡಬಲದ ಬಾಣಗಳಿಂದ 5 ಸೆಕೆಂಡು ಹಿಂದೆ ಮುಂದೆ. ಮೇಲೆ ಕೆಳಗಿನ ಬಾಣಗಳಿಂದ 1 ನಿಮಿಷ ಮುಂದೆ ಹಿಂದೆ. ಶಿಫ್ಟ್ ಹಿಡಿದು ಎಡಬಲದ ಬಾಣವನ್ನು ಒತ್ತಿದರೆ ನಿಖರವಾಗಿ 1 ಸೆಕೆಂಡಿನಷ್ಟೇ ಸರಿಯುವುದು. 9 ಮತ್ತು 0 ಕೀಲಿಗಳು ಧ್ವನಿಯನ್ನು ಇಳಿಸಿ ಏರಿಸುತ್ತವೆ, ಎಂ ಕೀಲಿ ಮೌನವಾಗಿಸುತ್ತದೆ.

ಇವೆಲ್ಲಕ್ಕಿಂತ ಹೆಚ್ಚಿನ ಬೆಲೆಯುಳ್ಳದ್ದು ಎಲ್ ಕೀಲಿ. ರಂಗಗೀತೆಯೊಂದರಲ್ಲಿ ಅನುಪಲ್ಲವಿಯ ಒಂದು ಸಾಲು ಹಾರ್ಮೋನಿಯಮ್ಮಿನ ಅಬ್ಬರದಲ್ಲಿ ಮುಳುಗಿ ಪದ ತಿಳಿಯದೆ ಹೋದಾಗ, ಆ ಸಾಲಿನ ಆರಂಭದಲ್ಲಿ ಒಮ್ಮೆ, ಅಂತ್ಯದಲ್ಲಿ ಮತ್ತೊಮ್ಮೆ ಎಲ್ ಒತ್ತಿದರೆ, ಆ ಎರಡು ಬಿಂದುಗಳ ನಡುವಣ ಭಾಗ ಮಾತ್ರ ಎಡೆಬಿಡದೆ ಆವರ್ತಿಸುತ್ತದೆ. ಮೂರನೆಯ ಬಾರಿ ಒತ್ತಿದಾಗ ಆವರ್ತನೆ ಕಳಚಿ ಹಾಡು ಮುಂದೆ ಸಾಗುತ್ತದೆ. ಬಿಂದುಗಳನ್ನು ಗಳಿಗೆಯ ಲೆಕ್ಕದಲ್ಲಿಯೇ ಬಲ್ಲವರು ಆಜ್ಞೆಯೊಡನೆ '--ಎಬಿ-ಲೂಪ್-ಎ=2:14 --ಎಬಿ-ಲೂಪ್-ಬಿ=2:31' ಎಂದು ಬರೆದು 2 ನಿಮಿಷ 14 ಸೆಕೆಂಡಿನಿಂದ 17 ಸೆಕೆಂಡುಗಳ ತುಣುಕನ್ನು ಮೊದಲಿನಿಂದಲೇ ಕಟ್ಟಿಹಾಕಬಹುದು. ವಿಎಲ್‌ಸಿಯಲ್ಲಿಯೂ 'ವ್ಯೂ' ಪಟ್ಟಿಯಿಂದ 'ಅಡ್ವಾನ್ಸ್ಡ್ ಕಂಟ್ರೋಲ್ಸ್' ಎಂಬುದನ್ನು ತೆರೆದರೆ ಇದೇ ಕೆಲಸದ ಗುಂಡಿಯೊಂದು ಕಾಣಿಸುತ್ತದೆ. ಒಂದೇ ಸಾಲು ಮರಳಿ ಮರಳಿ ಕಿವಿಗೆ ಬೀಳುತ್ತಿರಲು, ಮೊದಲು ಬರಿಯ ನಾದವಾಗಿದ್ದುದರೊಳಗಿಂದ ಪದಗಳು ಒಂದೊಂದಾಗಿ ಬೇರ್ಪಟ್ಟು ಸ್ಪಷ್ಟಗೊಳ್ಳುವ ಅನುಭವವು ಜಾನಪದ ಸಂಗ್ರಾಹಕರಿಗೆ ಚೆನ್ನಾಗಿ ಪರಿಚಿತವಾದುದು. ಲಂಬಾಣಿಯಂಥ ನುಡಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವವರಿಗಂತೂ, ಹಾಡಿದವರು ಎದುರಿಗಿಲ್ಲದಿರುವಾಗ, ಈ ಒಂದು ಕೀಲಿಯ ಉಪಕಾರ ಸಾಮಾನ್ಯವಾದುದಲ್ಲ.

ಆವರ್ತನೆಯೊಡನೆ ವೇಗವನ್ನು ತಗ್ಗಿಸುವುದೂ ಸೇರಿದರೆ ಫಲ ಇಮ್ಮಡಿಸುತ್ತದೆ. ಎಂಪಿವಿಯಲ್ಲಿ [ ಕೀಲಿ ವೇಗವನ್ನು ಸುಮಾರು ಹತ್ತನೆಯ ಒಂದು ಪಾಲಿನಷ್ಟು ತಗ್ಗಿಸುತ್ತದೆ, ] ಕೀಲಿ ಅಷ್ಟೇ ಹೆಚ್ಚಿಸುತ್ತದೆ, ಬ್ಯಾಕ್‌ಸ್ಪೇಸ್ ಕೀಲಿ ಸಹಜವೇಗಕ್ಕೆ ತರುತ್ತದೆ; ವಿಎಲ್‌ಸಿಯಲ್ಲಿ ಇವೇ ಎರಡು ಕೀಲಿಗಳಿದ್ದು, ಸಹಜವೇಗಕ್ಕೆ = ಕೀಲಿಯನ್ನು ಒತ್ತಬೇಕು. ಕ್ಯಾಸೆಟ್ಟಿನ ಕಾಲದಲ್ಲಿ ಟೇಪನ್ನು ನಿಧಾನಗೊಳಿಸಿದೊಡನೆ ಗಾಯಕಿಯ ಕಂಠ ಗಂಡಸಿನದಾಗಿ ಕೆಳಗಿಳಿಯುತ್ತಿತ್ತು. ಈ ತಂತ್ರಾಂಶಗಳಾದರೋ ಧ್ವನಿಯನ್ನು ಸೂಕ್ಷ್ಮವಾದ ತುಣುಕುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಅಂಚು ಬೆರೆಯುವಂತೆ ಹೊಂದಿಸಿ, ಶ್ರುತಿ ಕದಲದಂತೆ ಕಾಲವನ್ನು ಮಾತ್ರ ಹಿಗ್ಗಿಸುತ್ತವೆ. ಮಾತಿಗೆ 0.7ರವರೆಗೆ ಇಳಿದರೂ ತೊಂದರೆಯಿಲ್ಲ. ಸಂಗೀತಕ್ಕೆ ಅದಕ್ಕಿಂತ ಕೆಳಗಿಳಿದರೆ ತಬಲಾದ ಪೆಟ್ಟುಗಳು ಒಡೆದು ಜೋಡಿ ಪೆಟ್ಟುಗಳಂತೆ ಕೇಳಿಸತೊಡಗುವುದರಿಂದ ಅಲ್ಲಿ ಸಂಯಮ ಬೇಕು.

ಹಳೆಯ ಕ್ಯಾಸೆಟ್ಟುಗಳಿಂದ ಕಡತಗಳನ್ನು ಮಾಡಿಕೊಂಡವರು ಈ ಶ್ರುತಿರಕ್ಷಣೆಯನ್ನು ಬೇಕೆಂದೇ ತೆಗೆದುಹಾಕಬೇಕಾದ ಸಂದರ್ಭವೂ ಒಂದುಂಟು, ಅದನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಚಲಿಸಬೇಕೆಂಬುದು ನಿಯಮ; ಆದರೆ ಮುದ್ರಿಸಿದ ಯಂತ್ರದ ವೇಗ ತಗ್ಗಿದ್ದರೆ, ಇಲ್ಲವೆ ಕಡತವಾಗಿ ಪರಿವರ್ತಿಸುವಾಗ ಬಳಸಿದ ಯಂತ್ರದ ವೇಗ ಹೆಚ್ಚಿದ್ದರೆ, ಹಾಡಿನ ಕಾಲವೂ ಶ್ರುತಿಯೂ ಒಟ್ಟಿಗೆ ಏರಿಬಿಡುತ್ತವೆ. ಗಾಯಕರು ಕರಿ ಎರಡರ ಶ್ರುತಿಯಲ್ಲಿ ಹಾಡಿದ್ದರೆಂದು ಗೊತ್ತಿದ್ದು, ಕಡತವನ್ನು ನುಡಿಸಿದಾಗ ಹಾರ್ಮೋನಿಯಮ್ಮಿನಲ್ಲಿ ಅದು ಬಿಳಿ ಮೂರಕ್ಕೆ ಹೊಂದುತ್ತಿದೆಯೆಂದಿರಲಿ. ಅರ್ಧಸ್ವರದಷ್ಟು ಏರಿದೆಯೆಂದರೆ ವೇಗವು ನೂರಕ್ಕೆ 6ರಷ್ಟು ಅಧಿಕವಾಗಿದೆಯೆಂದು ಅರ್ಥ. ಇದಕ್ಕೆ ಪರಿಹಾರವೆಂದರೆ '--ಆಡಿಯೋ-ಪಿಚ್-ಕರೆಕ್ಷನ್=ನೋ --ಸ್ಪೀಡ್=0.944' ಎಂಬ ಆಯ್ಕೆಗಳೊಡನೆ ಎಂಪಿವಿಯನ್ನು ಆರಂಭಿಸುವುದು. ಆಗ ಕಾಲವೂ ಶ್ರುತಿಯೂ ಕೂಡಿಯೇ ಇಳಿದು, ಕಂಠವು ತನ್ನ ಸ್ವಾಭಾವಿಕವಾದ ಗಾಂಭೀರ್ಯಕ್ಕೆ ಮರಳುತ್ತದೆ. ಹಳೆಯ ರಂಗನಟರ ಧ್ವನಿಯನ್ನು ಕೇಳಿ ಅವರು ಕೀರಲು ಕಂಠದವರೆಂದು ಇಂದಿನವರು ತೀರ್ಮಾನಿಸುವುದುಂಟು. ಅನೇಕ ವೇಳೆ ಅಪರಾಧ ನಟನದಲ್ಲ, ಯಂತ್ರದ್ದು. ಒಪ್ಪುವ ಅಂಕಿ ಒಮ್ಮೆ ದೊರೆತ ಮೇಲೆ ಆಡಾಸಿಟಿ ಎಂಬ ಸಂಪಾದನ ತಂತ್ರಾಂಶದಲ್ಲಿ ವೇಗ ಮತ್ತು ಶ್ರುತಿಗಳನ್ನು ಒಟ್ಟಿಗೆ ಬದಲಿಸುವ ಆಯ್ಕೆಯಿಂದ ಶಾಶ್ವತವಾದ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳಬಹುದು, ಮೂಲ ಕಡತವನ್ನು ಮಾತ್ರ ಮುಟ್ಟಕೂಡದು.

ಕಡತದ ಬಗೆಯೂ ಇಲ್ಲಿ ಗಣನೀಯ. ಬಿಟ್‌ರೇಟ್ ಕ್ಷಣಕ್ಷಣಕ್ಕೂ ಬದಲಾಗುವ ಎಂಪಿ3 ಕಡತಗಳಲ್ಲಿ, ಒಳಗೆ ಸೂಚಿಯಿಲ್ಲದಿದ್ದರೆ, ಪ್ಲೇಯರ್ ಕಾಲವನ್ನು ಅಂದಾಜು ಮಾಡಿ ನೆಗೆಯುವುದರಿಂದ, ನಿನ್ನೆ 12ನೆಯ ನಿಮಿಷದಲ್ಲಿ ಕೇಳಿದ ಸಾಲು ಇಂದು ಕೆಲವು ಸೆಕೆಂಡು ಆಚೆಗೋ ಈಚೆಗೋ ಸಿಕ್ಕಬಹುದು. ಕಾಲವನ್ನು ಗುರುತುಹಾಕಿಕೊಂಡು ಬರೆಯುವವರು ಅಭ್ಯಾಸದ ಪ್ರತಿಯನ್ನು ಫ್ಲ್ಯಾಕ್ ರೂಪದಲ್ಲಿ ಇಟ್ಟುಕೊಳ್ಳುವುದು ಲೇಸು. ಸಿ.ಡಿ.ಯ ಗುಣಮಟ್ಟದಲ್ಲಿ, ಅಂದರೆ ಸೆಕೆಂಡಿಗೆ 44,100 ಮಾದರಿಗಳಂತೆ, 60 ನಿಮಿಷದ ಕ್ಯಾಸೆಟ್ಟು ವೇವ್ ಕಡತವಾಗಿ ಸುಮಾರು 635 ಮೆಗಾಬೈಟುಗಳಷ್ಟಾಗುತ್ತದೆ. ಫ್ಲ್ಯಾಕ್ ಅದನ್ನು ಗುಣದಲ್ಲಿ ಲವಲೇಶವೂ ಕುಂದಿಸದೆ ಬಹಳ ಮಟ್ಟಿಗೆ ಕಿರಿದಾಗಿಸುತ್ತದೆ.

ಈಗ ಕೇಳುತ್ತ ಬರೆಯುವವರ ಮುಖ್ಯವಾದ ಕಷ್ಟವೊಂದು ಉಳಿಯಿತು. ಲಿಬ್ರೆಆಫೀಸಿನಲ್ಲಿ ಸಾಲನ್ನು ಟೈಪ್ ಮಾಡುತ್ತಿರುವಾಗ ಧ್ವನಿಯನ್ನು ನಿಲ್ಲಿಸಬೇಕಾದರೆ ಬರೆಯುವ ಕಿಟಕಿಯನ್ನು ಬಿಟ್ಟು ಪ್ಲೇಯರಿನ ಕಿಟಕಿಗೆ ಹೋಗಿ, ನಿಲ್ಲಿಸಿ, ಮರಳಿ ಬಂದು, ಕಳೆದುಹೋದ ಜಾಡನ್ನು ಹುಡುಕಬೇಕು. ಒಂದು ಗಂಟೆಯ ಪ್ರವಚನವನ್ನು ಹೀಗೆ ಬರೆದುಕೊಂಡವರ ತಾಳ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ಈ ಕಷ್ಟವನ್ನು ನೀಗುವ ಉಪಾಯ ಲಿನಕ್ಸಿನಲ್ಲಿದೆ. ಎಂಪ್ರಿಸ್ ಎಂಬ ಒಪ್ಪಂದದ ಮೂಲಕ ಪ್ಲೇಯರುಗಳು ತಮ್ಮ ನಿಯಂತ್ರಣವನ್ನು ಹೊರಗಿನವರಿಗೂ ತೆರೆದಿಡುತ್ತವೆ. ವಿಎಲ್‌ಸಿ, ರಿದಮ್‌ಬಾಕ್ಸ್, ಫೈರ್‌ಫಾಕ್ಸ್ ಇವೆಲ್ಲ ಈ ಒಪ್ಪಂದಕ್ಕೆ ಒಳಪಟ್ಟವು, ಎಂಪಿವಿಗೆ ಮಾತ್ರ 'ಎಂಪಿವಿ-ಎಂಪ್ರಿಸ್' ಎಂಬ ಪೂರಕವನ್ನು ಸ್ಥಾಪಿಸಬೇಕು. 'ಪ್ಲೇಯರ್‌ಸಿಟಿಎಲ್' ಎಂಬ ಪುಟ್ಟ ಉಪಕರಣವು ಈ ಒಪ್ಪಂದದ ಭಾಷೆಯಲ್ಲಿ ಮಾತನಾಡಬಲ್ಲುದು: 'ಪ್ಲೇಯರ್‌ಸಿಟಿಎಲ್ ಪ್ಲೇ-ಪಾಜ್' ಎಂದರೆ ನಿಲ್ಲುವುದು ಇಲ್ಲವೆ ಸಾಗುವುದು, 'ಪ್ಲೇಯರ್‌ಸಿಟಿಎಲ್ ಪೊಸಿಷನ್ 5-' ಎಂದರೆ 5 ಸೆಕೆಂಡು ಹಿಂದಕ್ಕೆ, '5+' ಎಂದರೆ ಮುಂದಕ್ಕೆ.

ಈ ಆಜ್ಞೆಗಳನ್ನು ಪ್ರತಿಸಲವೂ ಬರೆಯಬೇಕಾದುದಿಲ್ಲ. ಗಣಕದ 'ಸೆಟ್ಟಿಂಗ್ಸ್' ತೆರೆದು, 'ಕೀಬೋರ್ಡ್' ವಿಭಾಗದಲ್ಲಿ 'ಕಸ್ಟಮ್ ಶಾರ್ಟ್‌ಕಟ್ಸ್' ಎಂಬಲ್ಲಿ, ಎಫ್7ಕ್ಕೆ ಹಿಂದೆ ಸರಿಯುವ ಆಜ್ಞೆಯನ್ನೂ ಎಫ್8ಕ್ಕೆ ನಿಲ್ಲಿಸುವ ಆಜ್ಞೆಯನ್ನೂ ಎಫ್9ಕ್ಕೆ ಮುಂದೆ ಸರಿಯುವ ಆಜ್ಞೆಯನ್ನೂ ಕಟ್ಟಿಬಿಟ್ಟರೆ, ಬರೆಯುವ ಕಿಟಕಿಯಿಂದ ಕಣ್ಣನ್ನೂ ಕೈಯನ್ನೂ ಕದಲಿಸದೆ ಧ್ವನಿಯನ್ನು ಆಳಬಹುದು. ಎಫ್7 ಲಿಬ್ರೆಆಫೀಸಿನಲ್ಲಿ ಕಾಗುಣಿತ ಪರೀಕ್ಷೆಗೆ ಮೀಸಲಾಗಿದೆಯಲ್ಲವೆ ಎಂದು ಕೇಳುವವರು ವಿಂಡೋಸ್ ಗುರುತಿನ ಸೂಪರ್ ಕೀಲಿಯನ್ನು ಜೊತೆಗೆ ಸೇರಿಸಿಕೊಳ್ಳಲಿ. ಇಂಥ ಕೀಲಿಗಳನ್ನೇ ಆರಿಸಿಕೊಳ್ಳಬೇಕೆನ್ನುವುದಕ್ಕೆ ಕನ್ನಡಿಗರಿಗೆ ವಿಶೇಷವಾದ ಕಾರಣವೂ ಉಂಟು: ಕೆ.ಪಿ. ರಾವ್ ವಿನ್ಯಾಸವೋ ಇನ್‌ಸ್ಕ್ರಿಪ್ಟೋ ಯಾವುದಾದರೊಂದು ಕನ್ನಡ ಕೀಲಿಮಣೆ ಜಾರಿಯಲ್ಲಿರುವಾಗ ಎಲ್, ಎಂ ಮೊದಲಾದ ಅಕ್ಷರದ ಕೀಲಿಗಳು ಪ್ಲೇಯರಿಗೆ ಬೇರೆಯಾಗಿ ತೋರಿ ನಿಷ್ಫಲವಾಗಬಹುದು, ಎಫ್ ಸಾಲಿನ ಕೀಲಿಗಳಿಗೆ ಆ ಬಾಧೆಯಿಲ್ಲ. ಎರಡು ಪ್ಲೇಯರುಗಳು ಏಕಕಾಲದಲ್ಲಿ ತೆರೆದಿದ್ದರೆ ಆಜ್ಞೆಯ ನಡುವೆ '-ಪಿ ವಿಎಲ್‌ಸಿ' ಎಂದು ಹೆಸರಿಸುವುದರಿಂದ ಗೊಂದಲ ತಪ್ಪುತ್ತದೆ.

ಮುಂಬಯಿಯ ಐಐಟಿಯಲ್ಲಿ ಆರಂಭವಾದ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳಲ್ಲಿ ಕನ್ನಡದವೂ ಇವೆ. ಒಂದು ಕಿಟಕಿಯಲ್ಲಿ ಪಾಠವನ್ನು ಕೇಳುತ್ತ, ಆಗಾಗ ನಿಲ್ಲಿಸಿ, ಪಕ್ಕದ ಕಿಟಕಿಯಲ್ಲಿ ಅದನ್ನೇ ಮಾಡಿನೋಡುತ್ತ ಕಲಿಯುವಂತೆ ಅವನ್ನು ರಚಿಸಿದ್ದಾರೆ. ಲಿನಕ್ಸನ್ನು ಹೊಸದಾಗಿ ಕಲಿಯುವ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಈ ಎಫ್8ರ ಏರ್ಪಾಟನ್ನು ಮೊದಲು ಮಾಡಿಕೊಂಡು ಆ ಪಾಠಗಳಿಗೆ ಕುಳಿತರೆ ಕಲಿಕೆಯ ಆಯಾಸ ಅರ್ಧಕ್ಕಿಳಿಯುವುದೆಂದು ಧೈರ್ಯವಾಗಿ ಹೇಳಬಲ್ಲೆ.

ದೀರ್ಘವಾದ ಕಡತವನ್ನು ಒಂದೇ ಕೂರಿಕೆಯಲ್ಲಿ ಮುಗಿಸಲಾಗದೆ ನಡುವೆ ಏಳಬೇಕಾಗುವುದು ಸಹಜ. ಎಂಪಿವಿಯನ್ನು ಸಣ್ಣ ಕ್ಯೂ ಕೀಲಿಯಿಂದ ಮುಚ್ಚುವ ಬದಲು ಶಿಫ್ಟ್ ಹಿಡಿದು ಕ್ಯೂ ಒತ್ತಿ ಮುಚ್ಚಿದರೆ ನಿಂತ ಸ್ಥಳವು ನೆನಪಿನಲ್ಲಿರುತ್ತದೆ, ಮರುದಿನ ಅದೇ ಕಡತವನ್ನು ತೆರೆದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಪ್ರತಿಸಲವೂ ಶಿಫ್ಟನ್ನು ನೆನೆಯಲಾರದವರು, ಮನೆಯ ಕೋಶದೊಳಗೆ ಮರೆಯಾಗಿರುವ '.ಕಾನ್ಫಿಗ್' ಕೋಶದ 'ಎಂಪಿವಿ' ಎಂಬ ಒಳಕೋಶದಲ್ಲಿ 'ಎಂಪಿವಿ.ಕಾನ್ಫ್' ಎಂಬ ಕಡತವನ್ನು ತೆರೆದು, 'ಸೇವ್-ಪೊಸಿಷನ್-ಆನ್-ಕ್ವಿಟ್=ಯೆಸ್' ಎಂದು ಒಂದು ಸಾಲನ್ನು ಬರೆದಿಡಬಹುದು. ಆದರೆ ಈ ಸ್ಮರಣೆ ಕ್ರಮವಾಗಿ ಮುಚ್ಚಿದಾಗ ಮಾತ್ರ ನಡೆಯುವುದು. ಬೇಸಗೆಯ ಮಧ್ಯಾಹ್ನ ವಿದ್ಯುತ್ತು ಹಠಾತ್ತಾಗಿ ಹೋದರೆ ಸ್ಥಳವೂ ಹೋಗುತ್ತದೆ. ಅದೇ ಕೋಶದಲ್ಲಿ 'ಇನ್‌ಪುಟ್.ಕಾನ್ಫ್' ಎಂಬ ಮತ್ತೊಂದು ಕಡತವನ್ನು ಮಾಡಿ, 'ಎಫ್6 ರೈಟ್-ವಾಚ್-ಲೇಟರ್-ಕಾನ್ಫಿಗ್' ಎಂದು, ಎಫ್ ಅಕ್ಷರವನ್ನು ದೊಡ್ಡದಾಗಿ ಬರೆದಿಟ್ಟು, ಪ್ಯಾರಾ ಮುಗಿದಾಗಲೆಲ್ಲ ಪ್ಲೇಯರಿನ ಕಿಟಕಿಯಲ್ಲಿ ಎಫ್6 ಒತ್ತುವ ಅಭ್ಯಾಸವನ್ನು ಮಾಡಿಕೊಂಡರೆ ಆ ನಷ್ಟವೂ ಬಹುಮಟ್ಟಿಗೆ ತಪ್ಪುತ್ತದೆ.

ಗಣಕದಿಂದ ದೂರ ಕುಳಿತು, ಮಡಿಲಲ್ಲಿ ಹಾರ್ಮೋನಿಯಮ್ಮನ್ನೋ ಕೈಯಲ್ಲಿ ತಾಳವನ್ನೋ ಹಿಡಿದು ಅಭ್ಯಾಸ ಮಾಡುವವರಿಗೆ ಕೆಡಿಇ ಕನೆಕ್ಟ್ ಎಂಬ ತಂತ್ರಾಂಶ ನೆರವಾಗುತ್ತದೆ. ಗಣಕದಲ್ಲಿಯೂ ಮೊಬೈಲಿನಲ್ಲಿಯೂ ಅದನ್ನು ಸ್ಥಾಪಿಸಿ, ಎರಡನ್ನೂ ಮನೆಯ ಒಂದೇ ವೈ-ಫೈ ಜಾಲಕ್ಕೆ ಸೇರಿಸಿ, ಪರಸ್ಪರ ಪರಿಚಯಿಸಿದ ಬಳಿಕ, ಮೊಬೈಲಿನ ಪರದೆಯಿಂದಲೇ ಗಣಕದ ಹಾಡನ್ನು ನಿಲ್ಲಿಸಬಹುದು, ಹಿಂದೆ ಸರಿಸಬಹುದು, ತಗ್ಗಿಸಬಹುದು. ಇದಕ್ಕೆ ಅಂತರಜಾಲದ ಸಂಪರ್ಕ ಬೇಡ. ಫೋನಿಗೆ ಕರೆ ಬಂದಾಗ ಗಣಕದ ಹಾಡು ತಾನಾಗಿಯೇ ನಿಲ್ಲುವಂತೆಯೂ ಏರ್ಪಡಿಸಬಹುದು. ನೂರಾರು ಪ್ರವಚನಗಳನ್ನು ಒಂದೇ ಗಣಕದಲ್ಲಿಟ್ಟು ಮನೆಯ ಬೇರೆ ಬೇರೆ ಕೋಣೆಗಳಿಂದ ಅದನ್ನು ನಡೆಸಬೇಕೆನ್ನುವವರಿಗೆ 2003ರಿಂದ ಬಳಕೆಯಲ್ಲಿರುವ ಎಂಪಿಡಿ ಎಂಬ ಸಂಗೀತಸೇವಕವೂ ಉಂಟು. ಅದರ ಏರ್ಪಾಟು ಕೊಂಚ ಶ್ರಮಸಾಧ್ಯವಾದುದರಿಂದ ಇಲ್ಲಿ ಹೆಸರಿಸಿ ಬಿಡುತ್ತೇನೆ.

ಧ್ವನಿಯ ಎತ್ತರದ ಬಗೆಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪೈಪ್‌ವೈರೂ ಪ್ಲೇಯರುಗಳೂ ಧ್ವನಿಯನ್ನು ನೂರಕ್ಕೆ ನೂರನ್ನು ಮೀರಿ ಏರಿಸಲು ಎಡೆಗೊಡುತ್ತವೆ. ಎಂಪಿವಿಯ ಮೇರೆ 130. ಹಾಗೆ ಏರಿಸಿದಾಗ ಧ್ವನಿಯ ಅಲೆಗಳು ತಮ್ಮ ಗರಿಷ್ಠ ಮಿತಿಗೆ ತಗುಲಿ ತುದಿ ಚಪ್ಪಟೆಯಾಗಿ ಒಡಕು ಹುಟ್ಟುತ್ತದೆ, ಆ ಒಡಕಿನ ನಡುವೆ ಪದಗಳು ಮತ್ತಷ್ಟು ಮರೆಯಾಗುತ್ತವೆ. ತಗ್ಗಿದ ಧ್ವನಿಯ ಹಳೆಯ ಮುದ್ರಿಕೆಯನ್ನು ಕೇಳಬೇಕಾದವರು ಮೊದಲು ಮೇಲಿನ ತೂಬುಗಳನ್ನು ನೂರಕ್ಕೆ ತಂದು, ಬಳಿಕ ಸ್ಪೀಕರಿನ ಗುಂಡಿಯನ್ನು ತಿರುಗಿಸಿ ಎತ್ತರವನ್ನು ಹೊಂದಿಸಿಕೊಳ್ಳುವುದು ಯುಕ್ತ. ಹೆಡ್‌ಫೋನಿನಲ್ಲಿ ಗಂಟೆಗಟ್ಟಲೆ ಬರೆಯುವವರಿಗಂತೂ ಕಿವಿಯ ರಕ್ಷಣೆ ಮುಖ್ಯವಾದುದು: ವಯಸ್ಕರಿಗೆ 80 ಡೆಸಿಬೆಲ್ಲಿನ ಧ್ವನಿ ವಾರಕ್ಕೆ 40 ಗಂಟೆಗಳನ್ನೂ, ಮಕ್ಕಳಿಗೆ 75 ಡೆಸಿಬೆಲ್ಲಿನ ಧ್ವನಿ ಅಷ್ಟೇ ಗಂಟೆಗಳನ್ನೂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಮೇರೆಯನ್ನು ಗೊತ್ತುಪಡಿಸಿದೆ, ಎತ್ತರ ಹೆಚ್ಚಿದಂತೆಲ್ಲ ಅನುಮತಿಸಿದ ಕಾಲ ಬೇಗನೆ ಕುಗ್ಗುತ್ತ ಹೋಗುತ್ತದೆ. ಗಣಕವೇ ಈ ಕಡಿವಾಣವನ್ನು ಹಿಡಿಯುವಂತೆ ಮಾಡುವುದೂ ಶಕ್ಯ. ಧ್ವನಿಯೇರಿಸುವ ಕೀಲಿಗೆ 'ಡಬ್ಲ್ಯುಪಿಸಿಟಿಎಲ್ ಸೆಟ್-ವಾಲ್ಯೂಮ್ -ಎಲ್ 1.0 @ಡೀಫಾಲ್ಟ್_ಆಡಿಯೋ_ಸಿಂಕ್@ 5%+' ಎಂಬ ಆಜ್ಞೆಯನ್ನು, @ ಗುರುತುಗಳ ನಡುವಣ ಭಾಗವನ್ನು ಮಾತ್ರ ದೊಡ್ಡಕ್ಷರಗಳಲ್ಲಿ ಬರೆದು, ಕಟ್ಟಿಬಿಟ್ಟರೆ ಒಂದೊಂದು ಒತ್ತಿಗೂ ನೂರಕ್ಕೆ 5ರಷ್ಟು ಏರುತ್ತ ಹೋಗಿ ನೂರನ್ನು ಮುಟ್ಟಿದೊಡನೆ ನಿಲ್ಲುತ್ತದೆ. ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಪಾಠ ಕೇಳುವ ಮನೆಯಲ್ಲಿ 1.0 ಎಂಬುದರ ಸ್ಥಾನದಲ್ಲಿ 0.6 ಎಂದು ಬರೆದಿಡುವುದು ಒಳ್ಳೆಯದು.